ಗಂಟೆ ಹೊಡೆದವರು

ಸ್ಲೈಡುಗಳನ್ನು ಒಂದೊಂದಾಗಿ ಮೆತ್ತನೆಯ ಬಟ್ಟೆಯಿಂದ ಒರೆಸಿ, ತಲೆಕೆಳಗು ಮಾಡಿ, ದುಂಡನೆಯ ಟ್ರೇಯ ಸಂದುಗಳಲ್ಲಿ ಇಳಿಸುತ್ತಿದ್ದೆ. ತಲೆಕೆಳಗಾಗಿ ಇಟ್ಟರೇನೇ ಪರದೆಯ ಮೇಲೆ ನೆಟ್ಟಗೆ ಕಾಣುವುದು. ಎಂಬತ್ತು ಸಂದು, ಎಂಬತ್ತು ಚಿತ್ರ. ಎದುರಿನ ಸೋಫಾದಲ್ಲಿ ಭಾವ ಗೈಡ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಬರೀ ತುಟಿ ಅಲ್ಲಾಡಿಸುತ್ತಿದ್ದರು. ಪರೀಕ್ಷೆಯ ದಿನ ಬೆಳಿಗ್ಗೆಯೂ ಹೀಗೇ ಕೂರುತ್ತಿದ್ದರೆಂದು ಅತ್ತೆ ಹೇಳಿದ್ದುಂಟು. ಶನಿವಾರದ ಬಿಸಿಲು ಕಾರ್ಪೆಟ್ಟಿನ ಮೇಲೆ ಬಿದ್ದಿತ್ತು.

ಭಾವ ಎಂದರೆ ನನ್ನ ಗಂಡ, ಗುರುಪ್ರಸಾದ. ನಮ್ಮ ಸೋದರತ್ತೆಯ ಮಗ. ಕಡಲಾಚೆ ಬೆರ್ರಿಯೆಸಾದ ಈ ಅಪಾರ್ಟ್‌ಮೆಂಟಿಗೆ ಬಂದು ಮೂರು ವರ್ಷವಾದರೂ ಹುಳಿಯಾರಿನಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆಯುತ್ತೇನೆ. ಇಲ್ಲಿನ ಹೆಂಗಸರು ಗಂಡನನ್ನು ಹೆಸರು ಹಿಡಿದು ಕರೆಯುವುದನ್ನು ಕೇಳಿ, ಒಂದು ದಿನ ಬಾತ್‌ರೂಮಿನ ಬಾಗಿಲು ಹಾಕಿಕೊಂಡು 'ಪ್ರಸಾದ್' ಎಂದು ಹೇಳಿ ನೋಡಿದೆ. ದೇವಸ್ಥಾನದಲ್ಲಿ ಸರದಿ ನಿಂತು ಕೇಳಿದ ಹಾಗಾಯಿತು. ಬಿಟ್ಟುಬಿಟ್ಟೆ.

ನಾನು ಓದಿದ್ದು ಒಂಬತ್ತನೇ ಕ್ಲಾಸು. ಗಣಿತದಲ್ಲಿ ಎರಡು ಸಲ ಫೇಲಾದ ಮೇಲೆ ಅಪ್ಪ ಸಾಕು ಎಂದರು, ನನಗೂ ಸಾಕಾಗಿತ್ತು. ಭಾವ ಎಷ್ಟು ಓದಿದ್ದಾರೆಂದು ಅವರೇ ಎಲ್ಲರಿಗೂ ಹೇಳುವುದರಿಂದ ನಾನು ಬರೆಯಬೇಕಿಲ್ಲ. ಅವರ ಬಳಿ ಕಂಪನಿಯ ಹೆಸರು ಅಚ್ಚಾದ ಹನ್ನೊಂದು ಟೀ ಶರ್ಟುಗಳಿವೆ. ಆ ಕಂಪನಿ ಬರುವ ತಿಂಗಳು ಷೇರು ಪೇಟೆಗೆ ಹೋಗುತ್ತದೆ. ನಾವು ಬಂದಾಗಿನಿಂದಲೂ ಬರುವ ತಿಂಗಳೇ.

ಅದರ ಅರ್ಧ ಕೆಲಸ ನಡೆಯುವುದು ಆರ್ಮೇನಿಯಾ ದೇಶದ ಯೆರೆವಾನಿನಲ್ಲಿ. ಹೋದ ಜುಲೈನಲ್ಲಿ ಭಾವನನ್ನು ಮೂರು ವಾರ ಅಲ್ಲಿಗೆ ಕಳಿಸಿದರು. "ನೀನೂ ಬಾರೆ, ಒಬ್ಳೇ ಇಲ್ಲಿ ಗೋಡೆ ನೋಡ್ಕೊಂಡು ಏನ್ ಮಾಡ್ತೀಯ" ಎಂದು ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿಯೂ ಗೋಡೆಗಳನ್ನೇ ನೋಡಿದೆ. ಸಾವಿರದ ಮುನ್ನೂರು ವರ್ಷದ ಗೋಡೆಗಳು.

ಅರವತ್ತೊಂದನೆಯ ಸ್ಲೈಡು ಕೈಗೆ ಬಂದಾಗ ಕಿಟಕಿಯ ಬೆಳಕಿಗೆ ಹಿಡಿದೆ. ಚಾವಣಿಯ ಮೇಲೆ ಹುಲ್ಲು ಬೆಳೆದ ಪುಟ್ಟ ಕಲ್ಲಿನ ಚರ್ಚು. ಅದರ ಅಂಗಳದಲ್ಲಿ ಮೂವತ್ತು ನಲವತ್ತು ಜನ. ಒಬ್ಬನ ಕೈಯಲ್ಲಿ ಸಲಿಕೆ. ಒಬ್ಬ ಮುದುಕಿಯ ಕಾಲಲ್ಲಿ ಒಂದೇ ಚಪ್ಪಲಿ. ಎಲ್ಲರ ಬಾಯೂ ಅರ್ಧ ತೆರೆದಿತ್ತು.

"ಇದು ಇವತ್ತು ಬೇಡ ಭಾವ" ಎಂದೆ.

ಅವರು ಕಣ್ಣು ಬಿಟ್ಟರು. "ಯಾವ್ದು? ಅರವತ್ತೊಂದಾ? ಅದೇ ಹೈಲೈಟು ಕಣೆ!"

"ಸಿರಾನುಷ್ ಅಜ್ಜೀನೂ ಬರ್ತಿದಾರೆ."

"ಬರ್ಲಿ. ಅವ್ರಿಗೂ ಒಂದ್ ಸ್ವಲ್ಪ ನಗು ಬೇಡ್ವಾ?"

"ಹಾಗಾದ್ರೆ ಇದ್ದದ್ದು ಇದ್ದ ಹಾಗೆ ಹೇಳಿ."

"ನೋಡು ವೇದಾ," ಎಂದು ಅವರು ಪುಸ್ತಕ ಮುಚ್ಚಿದರು. "ಹೆಂಡ್ತಿ ಗಂಟೆ ಹೊಡೆದ್ಲು ಅಂದ್ರೆ ಅದು ಜೋಕು. ಎಂಜಿನಿಯರ್ ಗಂಟೆ ಹೊಡೆದ ಅಂದ್ರೆ ಅದು ಬರೀ ನ್ಯೂಸು. ಯಾರು ನಗ್ತಾರೆ?"

ಲೆಕ್ಕದಲ್ಲಿ ನಾನು ಯಾವತ್ತೂ ಹಿಂದೆ. ಸ್ಲೈಡನ್ನು ಸಂದಿನಲ್ಲಿ ಇಳಿಸಿದೆ.

ನಡೆದದ್ದನ್ನು ಇಲ್ಲಿಯಾದರೂ ಇದ್ದ ಹಾಗೆ ಬರೆಯುತ್ತೇನೆ.

ಸಿರಾನುಷ್ ಅಜ್ಜಿ ನಮ್ಮ ಕೆಳಗಿನ ಮನೆಯವರು. ಎಪ್ಪತ್ತಾರು ವರ್ಷ. ಆರ್ಮೇನಿಯಾದವರೇ ಆದರೂ ಆ ದೇಶವನ್ನು ಕಂಡವರಲ್ಲ. ಹುಟ್ಟಿದ್ದು ಇರಾನಿನ ತಬ್ರೀಜಿನಲ್ಲಿ. ಬುಧವಾರ ಬುಧವಾರ ನಾನು ಅವರ ಅಡುಗೆಮನೆಯಲ್ಲಿ ಕೂತು ದ್ರಾಕ್ಷಿ ಎಲೆಯೊಳಗೆ ಅನ್ನ ತುಂಬಿ ಸುತ್ತುತ್ತೇನೆ. ನನಗೆ ಬರುವ ಇಂಗ್ಲಿಷು, ಅವರಿಗೆ ಬರುವ ಇಂಗ್ಲಿಷು ಎರಡನ್ನೂ ಸೇರಿಸಿದರೆ ಒಂದು ಪೂರ್ತಿ ವಾಕ್ಯವಾಗುವುದಿಲ್ಲ. ಅವರು ಅವರ ಭಾಷೆಯಲ್ಲಿ, ನಾನು ಕನ್ನಡದಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಇನ್ನೆಲ್ಲಿಯೂ ನಾನು ಅಷ್ಟು ಮಾತಾಡುವುದಿಲ್ಲ. ನಾನು ಏನು ಓದಿದ್ದೇನೆ ಎಂದು ಈ ಊರಿನಲ್ಲಿ ಕೇಳದೇ ಇರುವವರು ಅವರೊಬ್ಬರೇ.

ನಾವು ಹೊರಡುವಾಗ ಅವರು ಒಂದು ಚೀಟಿಯಲ್ಲಿ ತಮ್ಮ ಅಜ್ಜಿಯ ಊರಿನ ಹೆಸರು ಬರೆದುಕೊಟ್ಟರು. ಅಲ್ಲಿನ ಚರ್ಚಿನಲ್ಲಿ ಒಂದು ಮೇಣದಬತ್ತಿ ಹಚ್ಚಬೇಕು ಎಂದು ಕೈಸನ್ನೆಯಲ್ಲಿ ಹೇಳಿದರು. ಊರಿನ ಹೆಸರು ನನ್ನ ನಾಲಿಗೆಗೆ ಈಗಲೂ ಹತ್ತುವುದಿಲ್ಲ.

ಯೆರೆವಾನಿನ ಕೆಲಸ ಮುಗಿದ ಮೇಲೆ ನಾಲ್ಕು ದಿನ ರಜೆ ಹಾಕಿ ದಕ್ಷಿಣದ ಬೆಟ್ಟಗಳ ಕಡೆಗೆ ಹೊರಟೆವು. ಕಂಪನಿಯ ಡ್ರೈವರು ಗಾಗಿಕ್, ಅವನ ಹಳೆಯ ಜೀಪು, ಭಾವನ ಗೈಡ್ ಪುಸ್ತಕ, ಹಿಂದಿನ ಸೀಟಿನಲ್ಲಿ ನಾನು. ಕಲ್ಲು, ಕುರಿ, ಮತ್ತೆ ಕಲ್ಲು. ನಡುವೆ ಇದ್ದಕ್ಕಿದ್ದಂತೆ ಒಂದು ಚರ್ಚು. ಮೊದಲ ದಿನ ಸಿಸಿಯಾನಿನಲ್ಲಿ ನಿಂತಾಗ ಭಾವ "ಏಳನೇ ಶತಮಾನ!" ಎಂದರು, ತಾವೇ ನಿಂತು ತಾರಸಿ ಹಾಕಿಸಿದವರ ಹಾಗೆ. ನಾವು ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು. ಗಾಗಿಕ್ ನಮ್ಮ ಕಾಲು ನೋಯುತ್ತಿರಬೇಕೆಂದು ತಿಳಿದು ಜೀಪಿನಿಂದ ಮುಲಾಮು ತಂದ. ಆಮೇಲೆ ಮೂರು ಸುತ್ತು ಪ್ರದಕ್ಷಿಣೆ ಹಾಕಿದೆವು. ಅವನು ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದೇವೆ ಎಂದುಕೊಂಡು ನಮ್ಮ ಹಿಂದೆಯೇ ನೆಲ ನೋಡುತ್ತ ಬಂದ. ಮೂರನೆಯ ಚರ್ಚಿನ ಹೊತ್ತಿಗೆ ಅವನಿಗೂ ಅಭ್ಯಾಸವಾಗಿ, ಸಿಗರೇಟು ಸೇದುತ್ತಲೇ ಮೂರು ಸುತ್ತು ಬರುತ್ತಿದ್ದ.

ಒಳಗೆ ಹೋದರೆ ಕತ್ತಲೆ. ಕಿಟಕಿಗಳು ಗೋಡೆಯಲ್ಲಿ ಸೀಳಿದ ಗೆರೆಗಳಂತೆ ಸಣ್ಣಗೆ, ಎತ್ತರದಲ್ಲಿ. ಅಲ್ಲಿಂದ ಬೆಳಕು ಒಂದು ಕೋಲಿನ ಹಾಗೆ ಇಳಿದು ನೆಲದ ಮೇಲೆ ನಿಲ್ಲುತ್ತಿತ್ತು. ಮೂರ್ತಿಯಿಲ್ಲ, ಅಲಂಕಾರವಿಲ್ಲ, ಬಣ್ಣವಿಲ್ಲ. ಮರಳು ತುಂಬಿದ ತಟ್ಟೆಯಲ್ಲಿ ನೂಲಿನಷ್ಟು ತೆಳ್ಳಗಿನ ಹಳದಿ ಮೇಣದಬತ್ತಿಗಳು. ಹೊಸ್ತಿಲಿನ ನಡುಭಾಗ ಕಾಲು ತಾಗಿ ತಾಗಿ ಸವೆದು ತಟ್ಟೆಯಾಗಿತ್ತು. ಎಷ್ಟು ಜನ ದಾಟಿರಬೇಕು ಎಂದು ನಾನು ಅದನ್ನೇ ನೋಡುತ್ತ ನಿಂತರೆ, ಭಾವ "ಮೇಲ್ ನೋಡೇ, ಡೋಮು ಮೇಲಿದೆ" ಎನ್ನುತ್ತಿದ್ದರು. ನಾನು ಕೆಳಗೆ ನೋಡಿದೆ, ಅವರು ಮೇಲೆ ನೋಡಿದರು. ಇಬ್ಬರ ನಡುವೆ ಪೂರ್ತಿ ಚರ್ಚು ನೋಡಿಯಾಯಿತು.

ಟಾಟೇವ್ ಮಠಕ್ಕೆ ಹೋಗುವ ದಾರಿಯಲ್ಲಿ ಕಣಿವೆಗೆ ಇಳಿದು ಮತ್ತೆ ಹತ್ತಬೇಕು. ಆ ಜಲ್ಲಿ ರಸ್ತೆಯ ತಿರುವುಗಳಲ್ಲಿ ಭಾವ ಕಣ್ಣು ಬಿಡಲಿಲ್ಲ. ಮೇಲೆ ತಲುಪಿ ಕಾಲು ಕೆಳಗಿಟ್ಟ ಮೇಲೆ, "ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದ್ರೆ ರಸ್ತೆ ಅದ್ಭುತ" ಎಂದರು. ಮಠ ಪ್ರಪಾತದ ಅಂಚಿನಲ್ಲಿ, ಇನ್ನೊಂದು ಹೆಜ್ಜೆ ಇಟ್ಟರೆ ಬಿದ್ದೀತು ಎಂಬಂತೆ ನಿಂತಿದೆ. ಅಂಗಳದಲ್ಲೊಂದು ಎತ್ತರದ ಕಲ್ಲುಕಂಬ. ಹಿಂದೆ ನೆಲ ನಡುಗಿದರೆ ಅದು ಅಲ್ಲಾಡಿ ಸನ್ಯಾಸಿಗಳಿಗೆ ಸುಳಿವು ಕೊಡುತ್ತಿತ್ತಂತೆ. ಭಾವ ಎರಡೂ ಕೈಯಿಂದ ದೂಡಿದರು. "ಅಲ್ಲಾಡ್ತು! ನೋಡಿದ್ಯಾ?" ಎಂದರು. ನಾನು ತಲೆಯಾಡಿಸಿದೆ. ಅಲ್ಲಾಡಿದ್ದು ಭಾವ.

ಮೂರನೆಯ ದಿನ ಸಿರಾನುಷ್ ಅಜ್ಜಿಯ ಚೀಟಿ ಹಿಡಿದು ಹೊರಟೆವು. ಗಾಗಿಕ್ ನಾಲ್ಕು ಕಡೆ ನಿಲ್ಲಿಸಿ ಕುರಿ ಕಾಯುವವರನ್ನು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಊರು ಸಿಕ್ಕಿತು: ಇಳಿಜಾರಿನಲ್ಲಿ ಇಪ್ಪತ್ತು ಮೂವತ್ತು ಮನೆ, ಏಪ್ರಿಕಾಟ್ ಮರಗಳು, ಮೇಲೆ ದಿಬ್ಬದಲ್ಲಿ ಆ ಪುಟ್ಟ ಚರ್ಚು. ಮುಂದೆ ಮುರಿದ ಕಲ್ಲಿನ ಕಂಬವೊಂದರ ಮೇಲೆ ಸವೆದ ಶಿಲುಬೆ, ಶಿಲುಬೆಯ ಸುತ್ತ ಬಳ್ಳಿ. ಸೋವಿಯತ್ ಕಾಲದಲ್ಲಿ ಚರ್ಚು ಹುಲ್ಲಿನ ಗೋದಾಮಾಗಿತ್ತಂತೆ. ಗಂಟೆಯನ್ನು ಯಾರೋ ಹಿತ್ತಲಲ್ಲಿ ಹೂತಿಟ್ಟು ಉಳಿಸಿದ್ದರಂತೆ. ಈಗ ಅದನ್ನು ಬಾಗಿಲ ಮುಂದಿನ ಮರದ ತೊಲೆಗೆ ತೂಗುಹಾಕಿದ್ದರು. ಗಂಟೆಯಿಂದ ಒಂದು ಹಗ್ಗ ಇಳಿಬಿದ್ದಿತ್ತು.

ಗಂಟೆ ಹೊಡೆದದ್ದು ಭಾವ.

ಬೇಕೆಂದು ಹೊಡೆದದ್ದಲ್ಲ. ಹುಟ್ಟಿದಾಗಿನಿಂದ ದೇವರ ಬಾಗಿಲಲ್ಲಿ ತಲೆಯ ಮೇಲೆ ಗಂಟೆ ಕಂಡರೆ ಹೊಡೆದೇ ಒಳಗೆ ಹೋದವರು. ಕಣ್ಣು ಪುಸ್ತಕದಲ್ಲಿತ್ತು, ಬಾಯಿ "ಏಳನೇ..." ಎನ್ನುತ್ತಿತ್ತು, ಚಪ್ಪಲಿ ಬಿಟ್ಟಾಗಿತ್ತು, ಕೈ ತಾನಾಗಿ ಮೇಲೆ ಹೋಯಿತು. ಒಂದಲ್ಲ, ಮೂರು ಏಟು. ನಮ್ಮ ಕಡೆಯ ಗಂಟೆಯಾದರೆ ಅಲ್ಲಲ್ಲೇ ಮುಗಿಯುತ್ತದೆ. ಇದರ ಸದ್ದು ದಿಬ್ಬ ಇಳಿದು, ಕಣಿವೆ ದಾಟಿ, ಎದುರಿನ ಬೆಟ್ಟಕ್ಕೆ ಬಡಿದು ನಮ್ಮ ಹತ್ತಿರವೇ ವಾಪಸು ಬಂತು.

ಮೊದಲು ನಾಯಿಗಳು ಬೊಗಳಿದವು. ಆಮೇಲೆ ಬಾಗಿಲುಗಳ ಸದ್ದು. ಆಮೇಲೆ ಜನ. ಕೆಳಗಿನಿಂದ, ಪಕ್ಕದ ತೋಟದಿಂದ, ಎಲ್ಲೆಲ್ಲಿಂದಲೋ ಓಡೋಡಿ ಬರುತ್ತಿದ್ದರು. ಗಾಗಿಕ್ ಸಿಗರೇಟು ಬಿಸಾಕಿ ಜೀಪಿನ ಹತ್ತಿರದಿಂದ ಓಡಿ ಬಂದ. ಆ ಊರಿಗೆ ಪಾದ್ರಿ ಬರುವುದು ತಿಂಗಳಿಗೊಮ್ಮೆ. ಉಳಿದ ದಿನ ಆ ಗಂಟೆ ಬಾರಿಸಿದರೆ ಯಾರೋ ಸತ್ತಿದ್ದಾರೆ, ಇಲ್ಲವೇ ಎಲ್ಲೋ ಬೆಂಕಿ ಬಿದ್ದಿದೆ.

ಗಂಟೆ ಇನ್ನೂ ತೂಗುತ್ತಿತ್ತು. ಅದನ್ನು ನಿಲ್ಲಿಸೋಣವೆಂದು ನಾನು ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡಿದ್ದೆ. ಭಾವ ಗೋಡೆಯ ಪಕ್ಕಕ್ಕೆ ಸರಿದು ಕ್ಯಾಮೆರಾ ತೆಗೆದಿದ್ದರು. ಹೆದರಿಕೆಯಾದಾಗ ಅವರು ಫೋಟೋ ತೆಗೆಯುತ್ತಾರೆ. ಅರವತ್ತೊಂದನೆಯ ಸ್ಲೈಡು ಆಗ ತೆಗೆದದ್ದು.

"ಯಾರು ಹೊಡೆದಿದ್ದು?" ಎಂದು ಗಾಗಿಕ್ ಇಂಗ್ಲಿಷಿನಲ್ಲಿ ಕೇಳಿದ. ಜನರೆಲ್ಲ ನನ್ನ ಕೈಯಲ್ಲಿದ್ದ ಹಗ್ಗ ನೋಡಿದರು. ನಾನು ಭಾವನನ್ನು ನೋಡಿದೆ. ಭಾವ ಸಲಿಕೆಯನ್ನು ನೋಡಿದರು.

"ಮೈ ವೈಫ್," ಎಂದರು. "ನಮ್ಮ ದೇವಸ್ಥಾನದಲ್ಲಿ ಹೀಗೆ ಪದ್ಧತಿ. ಅವಳಿಗೆ ಗೊತ್ತಾಗಲಿಲ್ಲ."

ನಾನು ಹೌದೆಂದು ತಲೆಯಾಡಿಸಿದೆ. ಗಾಗಿಕ್ ಜನರಿಗೆ ತಿಳಿಸಿ ಹೇಳಿದ. ಒಂದೇ ಚಪ್ಪಲಿಯ ಆ ಮುದುಕಿ ಎಲ್ಲರನ್ನೂ ಸರಿಸಿಕೊಂಡು ನೇರ ನನ್ನೆದುರು ಬಂದರು. ಅವರ ಮಗ ರಷ್ಯಾದಲ್ಲಿ ಕೂಲಿಗೆ ಹೋಗಿದ್ದಾನಂತೆ. ಅವನದೇ ಸುದ್ದಿ ಬಂತೆಂದು ಓಡಿ ಬಂದದ್ದಂತೆ. ಇದು ನನಗೆ ಆಮೇಲೆ ಗೊತ್ತಾಯಿತು. ಅವರ ಎದೆ ಏರಿಳಿಯುತ್ತಿತ್ತು. ನನ್ನ ಕೆನ್ನೆಯ ಮೇಲೆ ಕೈಯಿಟ್ಟು ಮುಖ ನೋಡಿದರು. ನನ್ನ ಮೂಗುಬೊಟ್ಟು ನೋಡಿದರು. ಬರಿಗಾಲು ನೋಡಿದರು. ಆಮೇಲೆ ನಕ್ಕರು. ಅವರು ನಕ್ಕ ಮೇಲೆ ಎಲ್ಲರೂ ನಕ್ಕರು. ಸಲಿಕೆಯವನು ಸಲಿಕೆ ಕೆಳಗಿಟ್ಟ.

ಹೊಡೆದದ್ದು ಗಂಡಸಾಗಿದ್ದರೆ ಇಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ ಎಂದು ಗಾಗಿಕ್ ಹೇಳಿದ. ಹಾಗಾಗಿ ಅವತ್ತು ನಾನು ತಲೆಯಾಡಿಸಿದ್ದು ಸರಿಯೇ. ಈಗಲೂ ಆ ಬಗ್ಗೆ ನನಗೆ ಬೇಸರವಿಲ್ಲ. ರೊಟ್ಟಿ ತಂದರು, ಗಿಣ್ಣು ತಂದರು, ಒಂದು ಬಕೆಟ್ಟು ಏಪ್ರಿಕಾಟ್ ತಂದರು. ಮುದುಕಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಸಿರಾನುಷ್ ಅಜ್ಜಿಯ ಹೆಸರು ಹೇಳಿ ಮೇಣದಬತ್ತಿ ಹಚ್ಚಿದೆ. ದೇವರಿಗೆ ಬೆನ್ನು ತೋರಿಸಬಾರದೆಂದು ನಾನು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೊರಗೆ ಬಂದೆ. ಅವರ ಪದ್ಧತಿಯೂ ಅದೇ ಇತ್ತು. ಇಬ್ಬರೂ ಹಿಮ್ಮುಖ ಬಂದು ಬಾಗಿಲಲ್ಲಿ ಬೆನ್ನಿಗೆ ಬೆನ್ನು ಡಿಕ್ಕಿ ಹೊಡೆದೆವು.

ಜೀಪಿನಲ್ಲಿ ಭಾವ ಮೆಲ್ಲಗೆ, "ಬದುಕಿಸಿದೆ ಕಣೆ ವೇದಾ" ಎಂದರು. ಎರಡು ದಿನ ನನಗೆ ಜೀಪಿನ ಬಾಗಿಲು ಅವರೇ ತೆರೆದರು.

ವಾಪಸು ಬಂದ ಮೇಲೆ ಸಿರಾನುಷ್ ಅಜ್ಜಿಗೆ ಆ ಫೋಟೋದ ಒಂದು ಪ್ರತಿ ಹಾಕಿಸಿಕೊಟ್ಟೆ. ಅವರು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಒಂದೊಂದು ಮುಖ ನೋಡಿದರು. ಯಾರ ಮೂಗಾದರೂ ತಮ್ಮ ಅಜ್ಜಿಯ ಮೂಗಿನ ಹಾಗಿದೆಯೇ ಎಂದು ಹುಡುಕಿದರು. ಮೂವರದು ಇತ್ತು. ಆಮೇಲೆ, "ಇಷ್ಟು ಜನ? ಯಾಕೆ?" ಎಂದು ಕೇಳಿದರು. ನಾನು ಹೇಳಲು ಬಾಯಿ ತೆರೆಯುವುದರೊಳಗೆ ಅವರೇ ಮೇಣದಬತ್ತಿ ಹಚ್ಚಿದ ಹಾಗೆ ಕೈ ಮಾಡಿ, ತಮ್ಮ ಎದೆ ಮುಟ್ಟಿಕೊಂಡು, "ನನ್ನ ಅಜ್ಜಿಗಾ?" ಎಂದರು. ಕಣ್ಣು ತುಂಬಿತ್ತು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಬಹಳ ಸುಲಭ.

ಅದಾಗಿ ಎರಡು ಬುಧವಾರ ಕಳೆದ ಮೇಲೆ ಅವರು ಎಲೆ ಸುತ್ತುತ್ತ, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕೈಸನ್ನೆಯಲ್ಲಿ, ತಮ್ಮ ಅಜ್ಜಿಯ ಕತೆ ಹೇಳಿದರು. ಯುದ್ಧದ ಕಾಲದಲ್ಲಿ ಒಂದು ದಿನ ಹೊತ್ತಲ್ಲದ ಹೊತ್ತಿಗೆ ಊರಿನ ಗಂಟೆ ಹೊಡೆದುಕೊಂಡಿತಂತೆ. ಒಲೆಯ ಮೇಲಿನ ಪಾತ್ರೆ ಹಾಗೇ ಬಿಟ್ಟು, ಮಕ್ಕಳನ್ನೆತ್ತಿಕೊಂಡು, ನದಿ ದಾಟಿ ಇರಾನಿಗೆ ಓಡಿದರಂತೆ. ಸಾಯುವತನಕ ಆ ಅಜ್ಜಿ ಎಲ್ಲಿ ಗಂಟೆ ಕೇಳಿದರೂ ಎದ್ದು ನಿಲ್ಲುತ್ತಿದ್ದರಂತೆ. 'ಡಂಗ್, ಡಂಗ್' ಎಂದು ಅವರು ಕೈಯಾಡಿಸಿ ತೋರಿಸುವಾಗ ನನ್ನ ಕೈಯಲ್ಲಿದ್ದ ಎಲೆ ಹರಿಯಿತು.

ಇತ್ತ ಭಾವನ ಕತೆ ಊರೂರು ತಿರುಗುತ್ತಿತ್ತು. ಮೊದಲು ಮಿಲ್ಪಿಟಾಸಿನಲ್ಲಿ, ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ಒಂದು ಪಾಟ್‌ಲಕ್ಕಿನಲ್ಲಿ ಹೇಳಿದಾಗ ನಾನು ಗಂಟೆಯನ್ನು ಒಂದು ಸಲ ಹೊಡೆದಿದ್ದೆ. ಫ್ರೀಮಾಂಟಿನಲ್ಲಿ ಏಳು ಸಲ ಹೊಡೆದೆ. ಗಣೇಶನ ಹಬ್ಬದ ಹೊತ್ತಿಗೆ ತೆಂಗಿನಕಾಯಿಯನ್ನೂ ಒಡೆದುಬಿಟ್ಟಿದ್ದೆ. ಆ ಬೆಟ್ಟದಲ್ಲಿ ತೆಂಗಿನಕಾಯಿ ಯಾರು ಕೊಟ್ಟರೋ ಯಾರೂ ಕೇಳಲಿಲ್ಲ. ಹೋದ ವಾರ ಹಗ್ಗ ಹಿಡಿದು ಜೋತಾಡುತ್ತಿದ್ದೆ. ಗ್ರೋಸರಿ ಅಂಗಡಿಯಲ್ಲಿ ಗುರುತಿಲ್ಲದ ಒಬ್ಬರು, "ಓ, ಗಂಟೆ ಹೊಡೆದೋರು ನೀವೇ ಅಲ್ವಾ?" ಎಂದರು. ಮಕ್ಕಳಿಗೆ ನಾನು ಡಿಂಗ್ ಡಾಂಗ್ ಆಂಟಿ.

ಸುಳ್ಳೇ ಆದರೂ ನಗುತ್ತಾರಲ್ಲ, ನಗಲಿ ಎಂದು ಸುಮ್ಮನಿದ್ದೆ. ಆದರೆ ಇವತ್ತು ಗುಡ್ಡದಾಚೆಯ ಡಬ್ಲಿನ್ನಿನಲ್ಲಿ, ನಮ್ಮ ಪರಿಚಯದ ಸತ್ಯವತಿ ಡಾಕ್ಟರ ಮನೆಯಲ್ಲಿ ಸ್ಲೈಡ್ ಶೋ. ಭಾವ ತಾವಾಗಿಯೇ ಸಿರಾನುಷ್ ಅಜ್ಜಿಯನ್ನು ಕರೆದಿದ್ದರು.

ಮಧ್ಯಾಹ್ನ ಮೂರಕ್ಕೆ ಹೊರಟೆವು. ಮುಂದಿನ ಸೀಟಿನಲ್ಲಿ ಅಜ್ಜಿ, ಕಪ್ಪು ಕೋಟು ಹಾಕಿ, ತುಟಿಗೆ ಬಣ್ಣ ಹಚ್ಚಿ, ತೊಡೆಯ ಮೇಲೆ ದ್ರಾಕ್ಷಿ ಎಲೆಯ ಡಬ್ಬಿ ಇಟ್ಟುಕೊಂಡು. ಹಿಂದೆ ನಾನು, ನನ್ನ ಪಕ್ಕ ಫಖರುನ್ನಿಸಾ ಅಕ್ಕ, ನಡುವೆ ಪ್ರೊಜೆಕ್ಟರು. ಫಖರುನ್ನಿಸಾ ಅಕ್ಕ ನಮ್ಮ ಎದುರು ಮನೆಯವರು, ಮೈಸೂರಿನ ಮಂಡಿ ಮೊಹಲ್ಲಾದವರು. ಅವರಿದ್ದ ಕಡೆ ರೇಡಿಯೋ ಹಾಕಬೇಕಿಲ್ಲ.

"ಪ್ರಸಾದಣ್ಣ, ಇವತ್ತು ನಮ್ ವೇದಾ ಏನೇನ್ ಮಾಡ್ತಾಳೆ?" ಎಂದು ಅವರು ಶುರು ಮಾಡಿದರು. "ಹೋದ ವಾರ ಹಗ್ಗದಲ್ಲಿ ಜೋಕಾಲಿ ಆಡಿದ್ಲು. ಇವತ್ತು ಚರ್ಚಿನ ಮೇಲೆ ಹತ್ತಿ ಕೂರ್ತಾಳೋ?"

"ನೀವ್ ಬಂದು ನೋಡಿ ಅಕ್ಕ, ಸಸ್ಪೆನ್ಸು" ಎಂದು ಭಾವ ಕನ್ನಡಿಯಲ್ಲಿ ನಕ್ಕರು.

"ಅಲ್ಲ, ಕುಕ್ಕರ್ ಕೂಗಿದ್ರೆ ಬೆಚ್ಚಿ ಬೀಳೋ ಹುಡುಗಿ ಇವ್ಳು. ಅಂಥಾ ಗಂಟೆ ಹ್ಯಾಗೆ ಹೊಡೆದ್ಲಪ್ಪಾ ಅಂತ ನಂಗೆ ರಾತ್ರಿ ನಿದ್ದೆ ಇಲ್ಲ."

ಭಾವ ಫ್ರೀವೇಯ ಕಡೆಗೆ ತುಂಬ ಗಮನ ಕೊಟ್ಟರು. ಸುನೋಲಿನ ಏರಿನಲ್ಲಿ ಲಾರಿಗಳು ತೆವಳುತ್ತಿದ್ದವು. ಎರಡೂ ಕಡೆ ಒಣಗಿದ ಹುಲ್ಲಿನ ಗುಡ್ಡಗಳನ್ನು ನೋಡಿ ಸಿರಾನುಷ್ ಅಜ್ಜಿ ಹಿಂದೆ ತಿರುಗಿ, "ಹೀಗೇನಾ? ನನ್ನ ಊರು ಹೀಗೇನಾ?" ಎಂದು ನನ್ನನ್ನು ಕೇಳಿದರು. ಸ್ವಲ್ಪ ಹೀಗೆಯೇ ಎಂದು ಬೆರಳು ತೋರಿಸಿದೆ.

ಸತ್ಯವತಿ ಡಾಕ್ಟರ ಮನೆಯ ಅಡುಗೆಕೋಣೆಯಲ್ಲಿ ನಾನು ಮೊಸರನ್ನಕ್ಕೆ ದಾಳಿಂಬೆ ಉದುರಿಸುತ್ತಿದ್ದಾಗ ಫಖರುನ್ನಿಸಾ ಅಕ್ಕ ಹತ್ತಿರ ಬಂದು ನಿಂತರು.

"ನಿಜ ಹೇಳಮ್ಮ. ನೀನಾ ಹೊಡೆದಿದ್ದು?"

ನಾನು ದಾಳಿಂಬೆ ಬಿಡಿಸಿದೆ.

"ತಿಳೀತು ಬಿಡು," ಎಂದರು. "ನೀನೇ ಹೇಳ್ಬಾರ್ದಾ?"

"ಅಷ್ಟು ಜನರ ಮುಂದೆ ಹ್ಯಾಗಕ್ಕ ಹೇಳೋದು?"

"ಬಾಯಿಂದ," ಎಂದು ಅವರು ಒಂದು ಹಿಡಿ ದಾಳಿಂಬೆ ಬಾಯಿಗೆ ಹಾಕಿಕೊಂಡು ಹೋದರು.

ಸುಮಾರು ಇಪ್ಪತ್ತೈದು ಜನ ಸೇರಿದ್ದರು. ಪರದೆಗಳನ್ನೆಳೆದು ಕೋಣೆ ಕತ್ತಲು ಮಾಡಿದರು. ಅಜ್ಜಿಯನ್ನು ಮುಂದಿನ ಸೋಫಾದಲ್ಲಿ ಕೂರಿಸಿದರು. ನಾನು ಅಭ್ಯಾಸದಂತೆ ಹಿಂದೆ ಗೋಡೆಗೆ ಒರಗಿ ನಿಂತೆ. ಪ್ರೊಜೆಕ್ಟರಿನ ಫ್ಯಾನು ಗುಂಯ್ ಎಂದಿತು.

ಭಾವ ಚೆನ್ನಾಗಿಯೇ ಹೇಳಿದರು, ಅದನ್ನು ಒಪ್ಪಿಕೊಳ್ಳಬೇಕು. ಆ ಕಾಲದಲ್ಲಿ ಗಾರೆಯನ್ನು ಗೋಡೆಯೊಳಗೆ ತುಂಬಿ ಹೊರಗೆ ನುಣುಪು ಕಲ್ಲು ಜೋಡಿಸುತ್ತಿದ್ದರು ಎಂದದ್ದನ್ನು ಕೇಳಿ ನನಗೇ ಮತ್ತೊಮ್ಮೆ ಹೋಗಿ ನೋಡಬೇಕೆನ್ನಿಸಿತು. ಹೊಸ್ತಿಲಿನ ಒಂದು ಚಿತ್ರ ಬಂದಾಗ, "ಇದು ನಮ್ ವೇದಾ ಕಂಡುಹಿಡಿದದ್ದು. ನಾನು ಮೇಲ್ ನೋಡ್ತಾ ಎಡವಿ ಬಿದ್ದಿದ್ದೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಟಾಟೇವಿನ ಕಂಬ ಅವರ ಕೈಗೆ ಅಲ್ಲಾಡಿದ್ದನ್ನು ಮಾತ್ರ ಬಿಡಲಿಲ್ಲ.

ಅರವತ್ತೊಂದು ಬಂತು.

ಯಾರೂ ಏನೂ ಹೇಳುವ ಮೊದಲೇ ಸಿರಾನುಷ್ ಅಜ್ಜಿ ಎದ್ದು ಪರದೆಯ ಹತ್ತಿರ ಹೋದರು. ಅವರ ಬಿಳಿ ಕೂದಲ ಮೇಲೆ ಆ ಊರಿನ ಜನರ ಮುಖಗಳು ಬಿದ್ದವು. ತಿರುಗಿ ನಿಂತು, ತಮಗೆ ಬರುವ ಇಂಗ್ಲಿಷಿನಲ್ಲಿ, "ನನ್ನ ಅಜ್ಜಿಯ ಊರು," ಎಂದರು. "ಈ ಹುಡುಗಿ ಮೇಣದಬತ್ತಿ ಒಯ್ದಳು. ನನ್ನ ಅಜ್ಜಿಗಾಗಿ. ಎಲ್ಲರೂ ಬಂದರು. ನೋಡಿ, ಎಲ್ಲರೂ."

ಜನ ಚಪ್ಪಾಳೆ ತಟ್ಟಿದರು. ಸತ್ಯವತಿ ಡಾಕ್ಟರು ಕಣ್ಣೊರೆಸಿಕೊಂಡರು. ಅಲ್ಲಿಗೇ ಮುಂದಿನ ಸ್ಲೈಡು ಬಂದಿದ್ದರೆ ಚೆನ್ನಾಗಿತ್ತು.

"ಪ್ರಸಾದ್, ಗಂಟೆ ಕತೆ ಹೇಳಪ್ಪಾ!" ಎಂದು ಹಿಂದಿನಿಂದ ಸುರೇಶ್ ಕೂಗಿದರು. ಅವರು ಭಾವನ ಆಫೀಸಿನವರೇ. ಆ ಕತೆಯನ್ನು ಮೂರು ಸಲ ಕೇಳಿ ಮೂರು ಸಲವೂ ನಕ್ಕವರು.

"ಡಿಂಗ್ ಡಾಂಗ್!" ಎಂದವು ಮಕ್ಕಳು.

ಭಾವ ನನ್ನ ಕಡೆ ನೋಡಿದರು. ಕತ್ತಲಲ್ಲಿಯೂ ಕಾಣುವಷ್ಟು ತಲೆಯನ್ನು ಅತ್ತಿತ್ತ ಆಡಿಸಿದೆ. ಅವರಿಗೆ ಕಾಣಿಸಿತು. "ಅದು... ಇನ್ನೊಂದ್ ಸಲ ಹೇಳೋಣ ಬಿಡ್ರಪ್ಪಾ" ಎಂದರು.

"ಏ, ಅದೇ ಹೈಲೈಟು ಅಂತ ನೀನೇ ಹೇಳಿದ್ಯಲ್ಲೋ!"

ಭಾವನಿಗೆ ಚಪ್ಪಾಳೆ ಬೇಕಿಲ್ಲ, ಕೇಳುವವರಿದ್ದರೆ ಸಾಕು. ಒಂದು ಸಲ ಗಂಟಲು ಸರಿಮಾಡಿಕೊಂಡರು. ಅಜ್ಜಿಗೂ ತಿಳಿಯಲಿ ಎಂದು ಪೂರ್ತಿ ಇಂಗ್ಲಿಷಿನಲ್ಲಿ ಹೇಳಿದರು. ನಾನು ಚರ್ಚಿನ ಬಾಗಿಲಿಗೆ ಹೋದದ್ದು, ಹಗ್ಗ ಕಂಡದ್ದು, ಹೊಡೆದದ್ದು. ಹೇಗೆ ಹೊಡೆದೆನೆಂದು ತೋರಿಸಲು ಅವರ ಬಲಗೈ ಮೇಲೆ ಹೋಯಿತು, ಆ ಮಧ್ಯಾಹ್ನ ಹೇಗೆ ಹೋಗಿತ್ತೋ ಥೇಟ್ ಹಾಗೆಯೇ. ಮೂರು ಏಟು. ಊರಿಗೆ ಊರೇ ಸಾವೆಂದು, ಬೆಂಕಿಯೆಂದು ಓಡಿ ಬಂದದ್ದು. ಒಂದೇ ಚಪ್ಪಲಿ. ಸಲಿಕೆ. ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಫಖರುನ್ನಿಸಾ ಅಕ್ಕ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದರು.

ಸಿರಾನುಷ್ ಅಜ್ಜಿ ಇನ್ನೂ ಪರದೆಯ ಪಕ್ಕದಲ್ಲೇ ನಿಂತಿದ್ದರು. ಅವರು ಮತ್ತೆ ಚಿತ್ರದ ಕಡೆ ತಿರುಗಿದರು. ಈ ಸಲ ಮೂಗುಗಳನ್ನು ನೋಡಲಿಲ್ಲ. ಸಲಿಕೆಯನ್ನು ನೋಡಿದರು. ಮುದುಕಿಯ ಕಾಲನ್ನು ನೋಡಿದರು. ತೆರೆದ ಬಾಯಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನನ್ನು ಹುಡುಕಿದರು. ಬೆಳಕು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಕೈ ಅಡ್ಡ ಹಿಡಿದು ಕೋಣೆಯುದ್ದಕ್ಕೂ ಹುಡುಕಿ, ಗೋಡೆಯ ಹತ್ತಿರ ನನ್ನನ್ನು ಕಂಡರು.

"ಗಂಟೆ?" ಎಂದರು. "ನೀನು?"

ನನ್ನ ತಲೆ ಅಭ್ಯಾಸದಂತೆ ಕೆಳಗೆ ಹೋಗತೊಡಗಿತ್ತು. ತಡೆದೆ. ಜನ ಯಾಕೆ ಬಂದರು ಎಂದು ಅವರಿಗೆ ಹೇಳಿದ ಸುಳ್ಳು ನನ್ನದು. ಅದನ್ನು ಬುಧವಾರ ಅವರ ಅಡುಗೆಮನೆಯಲ್ಲಿ ಕೂತು ನಾನೇ ಒಪ್ಪಿಕೊಳ್ಳಬೇಕು, ಕೈಸನ್ನೆಯಲ್ಲಾದರೂ ಸರಿ. ಗಂಟೆ ನನ್ನದಲ್ಲ.

"ನೋ" ಎಂದೆ.

ಸಣ್ಣದಾಗಿ ಹೇಳಿದೆನೆಂದುಕೊಂಡಿದ್ದೆ. ನಗು ಅರ್ಧಕ್ಕೆ ನಿಂತಿತು. ಇಪ್ಪತ್ತೈದು ತಲೆಗಳು ಹಿಂದಕ್ಕೆ ತಿರುಗಿದವು. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಆ ದಿಬ್ಬದ ಮೇಲೆ ಬಿಟ್ಟರೆ ಇದೇ ಮೊದಲು. ಭಾವನ ಬಲಗೈ ಇನ್ನೂ ಗಾಳಿಯಲ್ಲೇ ಇತ್ತು.

"ಭಾವ," ಎಂದೆ, "ಗಂಟೆ ಹೊಡೆದೋರು ಯಾರು ಅಂತ ಅಜ್ಜಿಗೆ ನೀವೇ ಹೇಳಿ."

ಪ್ರೊಜೆಕ್ಟರಿನ ಫ್ಯಾನು ತಿರುಗುತ್ತಿತ್ತು. ಭಾವ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.